ಟಿಕ್ ಟಿಕ್ ನಿಲ್ಲುವ ತನಕ

ಹಳೆಯ ಮೋರಿಸ್ ಮೈನರ್ ಕಾರಿನಲ್ಲಿ ಕೀ ತಿರುಗಿಸಿದ ಮಾತ್ರಕ್ಕೆ ಇಂಜಿನ್ ಎದ್ದೇಳುವುದಿಲ್ಲ. ಅದಕ್ಕೆ ಬೇರೆಯೇ ಒಂದು ಸ್ಟಾರ್ಟರ್ ನಾಬ್ ಇದೆ, ಅದನ್ನು ಎಳೆಯಬೇಕು. ಕೀ ತಿರುಗಿಸಿದಾಗ ಕೇಳುವುದು ಒಂದು ಸಣ್ಣ ಸದ್ದು. ಟಿಕ್, ಟಿಕ್, ಟಿಕ್, ಟಿಕ್. ಬಾನೆಟ್ಟಿನ ಒಳಗೆ, ಡ್ರೈವರಿನ ಮುಂದಿರುವ ತಗಡಿನ ಗೋಡೆಗೆ ಕಚ್ಚಿಕೊಂಡು ಕೂತಿರುವ ಎಸ್‌ಯು ಎಲೆಕ್ಟ್ರಿಕ್ ಪಂಪು ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬೊರೇಟರಿನ ಬಟ್ಟಲಿಗೆ ತುಂಬುತ್ತಿರುತ್ತದೆ. ಮೊದಲು ಚುರುಕು. ಬಟ್ಟಲು ತುಂಬುತ್ತ ಬಂದಂತೆ ಸದ್ದಿನ ನಡುವಿನ ಅಂತರ ಹಿಗ್ಗುತ್ತದೆ. ಕೊನೆಯದೊಂದು ಟಿಕ್ ಕೇಳಿ, ಇನ್ನೊಂದು ಬರಬಹುದೇ ಎಂದು ಕಾಯುವಷ್ಟರಲ್ಲಿ ಮೌನ. ಬೆಳಗಿನ ಜಾವ ಮೈಸೂರಿನ ನಮ್ಮ ಮನೆಯ ಶೆಡ್ಡಿನಲ್ಲಿ ಆ ಮೌನವನ್ನು ಕೇಳುವುದು ನನಗೆ ದಿನದ ಮೊದಲ ಸುಖ.

ಒಂದು ದಿನ ಆ ಮೌನ ಬರಲೇ ಇಲ್ಲ. ಪಂಪು ಬಡಿಯುತ್ತಲೇ ಇತ್ತು. ಅರ್ಧ ನಿಮಿಷದಲ್ಲಿ ಶೆಡ್ಡಿನ ತುಂಬ ಪೆಟ್ರೋಲ್ ವಾಸನೆ. ಕೀ ಆರಿಸಿ, ಬಾನೆಟ್ ಎತ್ತಿ ನೋಡಿದೆ. ಬಟ್ಟಲಿನ ಹೊರಮೈ ಒದ್ದೆಯಾಗಿತ್ತು. ಕೆಳಗೆ ನೆಲದ ಮೇಲೆ ಅಂಗೈಯಷ್ಟಗಲದ ಕಲೆ ಹರಡುತ್ತಿತ್ತು.

ಕೆರೆ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೆರೆಗೆ ಒಳಹರಿವಿದೆ, ನೀರು ಬಿಡುವ ತೂಬಿದೆ, ಮಿಕ್ಕದ್ದು ಹರಿದುಹೋಗಲು ಕೋಡಿಯಿದೆ. ಕಾರ್ಬೊರೇಟರಿನ ಬಟ್ಟಲೂ ಅಂಥದೇ ಒಂದು ಪುಟ್ಟ ಕೆರೆ. ಪಂಪಿನ ಕೊಳವೆ ಅದರ ಒಳಹರಿವು, ಜೆಟ್ ಅದರ ತೂಬು, ಮುಚ್ಚಳದ ಬಳಿಯ ಓವರ್‌ಫ್ಲೋ ಕೊಳವೆ ಅದರ ಕೋಡಿ. ವ್ಯತ್ಯಾಸ ಒಂದೇ. ಕೆರೆ ಕೋಡಿ ಬಿದ್ದರೆ ಊರಿಗೆ ಹಬ್ಬ, ಬಾಗಿನ ಕೊಡುತ್ತೇವೆ. ಈ ಬಟ್ಟಲು ಕೋಡಿ ಬಿದ್ದರೆ ಕೆಳಗೇ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುತ್ತದೆ. ಈ ಇಂಜಿನ್ನಿನಲ್ಲಿ ಕಾರ್ಬೊರೇಟರೂ ಎಕ್ಸಾಸ್ಟೂ ಒಂದೇ ಮಗ್ಗುಲಿಗಿವೆ. ಹಾಗಾಗಿ ಪೆಟ್ರೋಲ್ ಉಕ್ಕುವುದೆಂದರೆ ಬೆಂಕಿಯ ಮಾತು. ಬ್ಯಾಟರಿಯ ವೈರ್ ಬಿಚ್ಚಿ, ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಟ್ಟು, ಮೇಸ್ತ್ರಿಗೆ ಹೇಳಿ ಕಳಿಸಿದೆ.

ಮೇಸ್ತ್ರಿಗೆ ಎಪ್ಪತ್ತು ದಾಟಿದೆ. ಬಂದವರೇ ಸ್ಪ್ಯಾನರ್ ಹಿಡಿಯಲಿಲ್ಲ. ಡಿಪ್‌ಸ್ಟಿಕ್ ಎಳೆದು ಮೂಗಿನ ಹತ್ತಿರ ತಂದುಕೊಂಡರು. ಆಯಿಲನ್ನು ಎರಡು ಬೆರಳ ನಡುವೆ ಉಜ್ಜಿದರು. "ಸ್ವಾಮಿ, ಇದು ಇವತ್ತಿನ ಕಾಯಿಲೆ ಅಲ್ಲ. ಆಯಿಲಲ್ಲಿ ಪೆಟ್ರೋಲ್ ಸೇರಿದೆ" ಅಂದರು. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಮೇಲಿನ ಆಯಿಲನ್ನು ತೊಳೆದುಕೊಂಡು ರಿಂಗುಗಳ ಸಂದಿನಿಂದ ಕೆಳಗಿಳಿಯುತ್ತದೆ. ಆಯಿಲ್ ತೆಳುವಾಗುತ್ತದೆ, ಬೇರಿಂಗು ಸವೆಯುತ್ತದೆ. ನಾನು ಒಂದು ಕಲೆ ನೋಡಿ ಗಾಬರಿಯಾಗಿದ್ದೆ. ಅವರು ಒಂದು ವಾಸನೆಯಲ್ಲಿ ಹಿಂದಿನ ಎರಡು ವಾರವನ್ನೇ ಓದಿದರು.

ಆಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟರು. ಹದವಾಗಿ ಉರಿಯುವ ಇಂಜಿನ್ನಿನ ಪ್ಲಗ್ಗು ಚೆನ್ನಾಗಿ ಬೆಂದ ಬಿಸ್ಕತ್ತಿನ ಬಣ್ಣಕ್ಕಿರುತ್ತದೆ. ಇವು ನಾಲ್ಕೂ ಸೌದೆ ಒಲೆಯ ಮೇಲಿನ ಪಾತ್ರೆಯ ತಳದ ಹಾಗೆ ಕರ್ರಗಿದ್ದವು. ಬೆರಳಿಗೆ ಮಸಿ ಮೆತ್ತಿತು. ಎರಡರ ತುದಿ ಇನ್ನೂ ಒದ್ದೆ. ನಾನಾಗಿದ್ದರೆ ಅಲ್ಲಿಂದ ನೇರ ಕಾರ್ಬೊರೇಟರಿಗೆ ಕೈ ಹಾಕುತ್ತಿದ್ದೆ. ಅವರು ಮಾತ್ರ ಮೊದಲು ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟಿನ ಅಂತರವನ್ನು ಅಳತೆಯ ಪಟ್ಟಿ ತೂರಿಸಿ ನೋಡಿದರು. ಇಂಚಿನ ಸಾವಿರದಲ್ಲಿ ಹದಿನೈದು ಪಾಲು, ಅಂದರೆ 0.38 ಮಿಲಿಮೀಟರ್ ಇರಬೇಕು. ಇತ್ತು. ಕಿಡಿ ನೋಡಿದರು, ನೀಲಿಯಾಗಿ ಚಟಚಟ ಎನ್ನುತ್ತಿತ್ತು. ಕಿಡಿ ಸೋತರೂ ಪೆಟ್ರೋಲ್ ಉರಿಯದೆ ಪ್ಲಗ್ ಒದ್ದೆಯಾಗುತ್ತದೆ, ಆಗ ಎಲ್ಲರೂ ತಪ್ಪನ್ನು ಕಾರ್ಬೊರೇಟರಿನ ತಲೆಗೆ ಕಟ್ಟುತ್ತಾರೆ. ಅನುಮಾನವನ್ನು ಕ್ರಮವಾಗಿ ಕಳೆಯುತ್ತ ಬರುವ ಈ ಸಹನೆಯೇ ನನಗೆ ಈ ಕಸುಬಿನಲ್ಲಿ ಎಲ್ಲಕ್ಕಿಂತ ಚೆಂದವಾಗಿ ಕಾಣುವುದು.

ಈಗ ಕಾರ್ಬೊರೇಟರಿನ ಸರದಿ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು. ಪಂಪಿನ ಹಾಗೆ ಇದೂ ಎಸ್‌ಯು. ಎಸ್‌ಯು ಎಂದರೆ ಸ್ಕಿನ್ನರ್ಸ್ ಯೂನಿಯನ್. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಎಂಬಾತ ಇದನ್ನು ರೂಪಿಸಿದ. ಅವನದು ಲಂಡನ್ನಿನಲ್ಲಿ ಪಾದರಕ್ಷೆ ವ್ಯಾಪಾರದ ಮನೆತನ. ಮೊದಲಿನ ಕಾರ್ಬೊರೇಟರುಗಳಲ್ಲಿ ಏರಿಳಿಯುವ ಭಾಗ ಚರ್ಮದ್ದು, ಕಮ್ಮಾರನ ತಿದಿಯಂತೆ ಉಬ್ಬಿ ತಗ್ಗುತ್ತಿತ್ತು. ಚಪ್ಪಲಿ ಹೊಲಿಯುವ ಚರ್ಮದ ಹದ ಬಲ್ಲ ಮನೆಯಿಂದ ಇಂಜಿನ್ನಿಗೆ ಉಸಿರಾಟ ಕಲಿಸುವ ಯಂತ್ರ ಬಂದದ್ದು ನನಗೆ ಬಹಳ ಪ್ರಿಯವಾದ ಸಂಗತಿ. ಆಮೇಲೆ ಚರ್ಮ ಹೋಗಿ ಲೋಹದ ಪಿಸ್ಟನ್ ಬಂತು. ಆದರೆ ಉಸಿರಾಟದ ಕ್ರಮ ಬದಲಾಗಲಿಲ್ಲ.

ಅದರ ಒಳಗೆ ನಡೆಯುವುದು ಇಷ್ಟೇ. ಗಾಳಿ ಹೋಗುವ ದಾರಿಗೆ ಅಡ್ಡವಾಗಿ ಒಂದು ಪಿಸ್ಟನ್ ಇಳಿಬಿದ್ದಿರುತ್ತದೆ. ಇಂಜಿನ್ ಹೆಚ್ಚು ಗಾಳಿ ಬೇಡಿದಷ್ಟೂ ಅದು ಮೇಲೇರಿ ದಾರಿ ಬಿಡುತ್ತದೆ. ಪಿಸ್ಟನ್ನಿನ ತಳಕ್ಕೆ ಒಂದು ಹಿತ್ತಾಳೆ ಸೂಜಿ. ತುದಿಗೆ ಬರುತ್ತ ಸಣ್ಣದಾಗುವ ಸೂಜಿ. ಅದು ಸುಮಾರು ಎರಡೂಕಾಲು ಮಿಲಿಮೀಟರ್ ಬಾಯಿಯ ಜೆಟ್ಟಿನೊಳಗೆ ಇಳಿದಿರುತ್ತದೆ. ಪಿಸ್ಟನ್ ಏರಿದರೆ ಸೂಜಿಯೂ ಏರಿತು, ಅದರ ಸುತ್ತಲಿನ ಉಂಗುರದಂಥ ಸಂದು ಅಗಲವಾಯಿತು, ಪೆಟ್ರೋಲ್ ಹೆಚ್ಚಿತು. ಗಾಳಿ ಎಷ್ಟೋ ಪೆಟ್ರೋಲ್ ಅಷ್ಟೇ. ಚೋಕ್ ಎಳೆದರೆ ಬೇರೆ ಕಾರ್ಬೊರೇಟರುಗಳಲ್ಲಿ ಗಾಳಿಯ ಬಾಯಿಗೆ ತಗಡು ಮುಚ್ಚಿಕೊಳ್ಳುತ್ತದೆ. ಇಲ್ಲಿ ಹಾಗಲ್ಲ, ಜೆಟ್ಟೇ ಕೆಳಗಿಳಿದು ಸೂಜಿಗೆ ಸಂದು ಮಾಡಿಕೊಡುತ್ತದೆ. ಇಡೀ ಯಂತ್ರದಲ್ಲಿ ಚಲಿಸುವ ಭಾಗಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು.

ಇದು ಕಾಯುವ ಲೆಕ್ಕವೂ ಬೆರಗಿನದು. ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ತೂಕ ಬಿಟ್ಟು ಗಾತ್ರದಲ್ಲಿ ನೋಡಿ: ಒಂದು ಲೀಟರ್ ಪೆಟ್ರೋಲಿಗೆ ಒಂಬತ್ತು ಸಾವಿರ ಲೀಟರಿನಷ್ಟು ಗಾಳಿ. ಒಂದು ಕೋಣೆಯ ಗಾಳಿಗೆ ಒಂದು ಚೊಂಬು ಪೆಟ್ರೋಲ್ ಬೆರೆಸುವ ಕೆಲಸ ಇದು. ಚೂರು ಕಮ್ಮಿಯಾದರೆ ಇಂಜಿನ್ ಕೆಮ್ಮುತ್ತದೆ, ಚೂರು ಹೆಚ್ಚಾದರೆ ಉಸಿರು ಕಟ್ಟುತ್ತದೆ. ಮಂಗಳೂರಿನಲ್ಲಿ ಹದವಾಗಿದ್ದ ಗಾಡಿ ಮಡಿಕೇರಿ ಹತ್ತಿದರೆ ಅಲ್ಲಿನ ಗಾಳಿ ಹತ್ತರಲ್ಲೊಂದು ಪಾಲು ತೆಳುವಾಗಿರುತ್ತದೆ, ಅಷ್ಟಕ್ಕೇ ಮಿಕ್ಸ್ಚರ್ ರಿಚ್ ಆಗುತ್ತದೆ, ಅಂದರೆ ಗಾಳಿಗೆ ಪೆಟ್ರೋಲ್ ಹೆಚ್ಚಾಗುತ್ತದೆ. ಅಡುಗೆಗೆ, ಮಣ್ಣಿಗೆ, ಮಾತಿಗೆ, ವೀಣೆಯ ತಂತಿಗೆ ನಾವು ಬಳಸುವ 'ಹದ' ಎಂಬ ಮಾತನ್ನು ಮೇಸ್ತ್ರಿ ಇಂಜಿನ್ನಿಗೂ ಬಳಸುತ್ತಾರೆ. ಅದಕ್ಕಿಂತ ಸರಿಯಾದ ಮಾತು ಈ ವಿಷಯಕ್ಕೆ ಇನ್ನೊಂದಿಲ್ಲ.

ಮುಚ್ಚಳ ತೆಗೆದೆವು. ನನ್ನದು 1957ರ ಮೈನರ್ 1000, 948 ಸಿಸಿ ಇಂಜಿನ್ನಿನದು. ಹಿಂದೆ ಚಿಕ್ಕಮಗಳೂರಿನ ಕಡೆಯ ಕಾಫಿ ತೋಟವೊಂದರಲ್ಲಿತ್ತು. ಅದರ ಬಟ್ಟಲಿನ ಮುಚ್ಚಳಕ್ಕೆ ಇರುವುದು ನಡುವಿನ ಒಂದೇ ನಟ್ಟು. ಮುಚ್ಚಳದ ತಳದಲ್ಲಿ ಕವೆಯಂಥ ಲಿವರ್, ಅದರ ಮೇಲೆ ಒರಗುವ ಕಡ್ಡಿಯಂಥ ನೀಡಲ್ ವಾಲ್ವ್. ಬಟ್ಟಲಿನಲ್ಲಿ ತೇಲುವ ಹಿತ್ತಾಳೆ ಡಬ್ಬಿಯಂಥ ಫ್ಲೋಟ್ ಮೇಲೇರಿ ಕವೆಯನ್ನು ಒತ್ತುತ್ತದೆ, ಕವೆ ನೀಡಲನ್ನು ಒತ್ತುತ್ತದೆ, ನೀಡಲ್ ಪೆಟ್ರೋಲಿನ ದಾರಿ ಮುಚ್ಚುತ್ತದೆ. ಕೊಳವೆಯಲ್ಲಿ ಒತ್ತಡ ಏರಿ ಪಂಪು ನಿಲ್ಲುತ್ತದೆ. ನಾನು ಬೆಳಗ್ಗೆ ಕೇಳುವ ಮೌನ ಹುಟ್ಟುವುದು ಹೀಗೆ.

ಮೇಸ್ತ್ರಿ ನೀಡಲನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಅದರ ಚೂಪು ತುದಿಯ ಸುತ್ತ ಕೂದಲೆಳೆಯಷ್ಟು ಹೊಳೆಯುವ ಉಂಗುರ. ವರ್ಷಗಟ್ಟಲೆ ಒಂದೇ ಕಡೆ ಕೂತು ಎದ್ದ ಗುರುತು. ಉಂಗುರ ತಗ್ಗಾಗಿದ್ದರೆ ಪೆಟ್ರೋಲ್ ನುಸುಳುತ್ತದೆ. ನೀಡಲನ್ನು ಮತ್ತೆ ಕೂರಿಸಿ, ಮುಚ್ಚಳವನ್ನು ತಲೆಕೆಳಗು ಮಾಡಿ ಒಳಹರಿವಿನ ಬಾಯಿಗೆ ತುಟಿಯಿಟ್ಟು ಊದಿದರು. ಕೆನ್ನೆ ಉಬ್ಬಿತು, ಗಾಳಿ ದಾಟಲಿಲ್ಲ. ಲಿವರನ್ನು ಬೆರಳಲ್ಲಿ ಎತ್ತಿದರೆ ಸುಯ್ಯೆಂದಿತು, ಬಿಟ್ಟರೆ ಮತ್ತೆ ಬಂದ್. "ಇವನದು ತಪ್ಪಿಲ್ಲ" ಎಂದು ನೀಡಲನ್ನು ಬಟ್ಟೆಯ ಮೇಲೆ ಮಲಗಿಸಿದರು.

ಫ್ಲೋಟನ್ನು ಎತ್ತಿ ಕಿವಿಯ ಹತ್ತಿರ ಅಲುಗಿಸಿ, ಮಾತಾಡದೆ ನನ್ನ ಕೈಗೆ ಕೊಟ್ಟರು. ನಾನೂ ಅಲುಗಿಸಿದೆ. ಒಳಗೆ ಎಳನೀರಿನ ಬುರುಡೆಯಲ್ಲಿ ಉಳಿದ ಗುಟುಕಿನ ಹಾಗೆ ಏನೋ ತುಳುಕಿತು. ತೇಲಬೇಕಾದದ್ದು ಒಳಗೇ ಪೆಟ್ರೋಲ್ ಕುಡಿದು ಭಾರವಾಗಿತ್ತು. ತೇಲದ ಫ್ಲೋಟು ಕವೆಯನ್ನು ಒತ್ತುವುದೆಲ್ಲಿ ಬಂತು?

ತೂತು ಮಾತ್ರ ಕಣ್ಣಿಗೆ ಕಾಣುವಂಥದಲ್ಲ. ಒಳಗಿನ ಒಲೆಯ ಮೇಲೆ ಕಾಯಿಸಿದ ನೀರನ್ನು ಅಂಗಳಕ್ಕೆ ತರಿಸಿಕೊಂಡರು. ಬೆಂಕಿ ಇರುವಲ್ಲಿಗೆ ಫ್ಲೋಟನ್ನು ಒಯ್ಯಲಿಲ್ಲ, ಬಿಸಿಯನ್ನೇ ಇಲ್ಲಿಗೆ ಕರೆಸಿದರು. ಅಗಲ ಬಾಯಿಯ ಪಾತ್ರೆಯಲ್ಲಿ ಫ್ಲೋಟನ್ನು ಇಕ್ಕಳದಿಂದ ಮುಳುಗಿಸಿ ಹಿಡಿದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮೇಲಿನ ಅಂಚಿನ ಬೆಸುಗೆಯ ಒಂದು ಜಾಗದಿಂದ ಸಾಸಿವೆಗಿಂತ ಸಣ್ಣ ಗುಳ್ಳೆ ಹೊರಟಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಪೋಣಿಸಿದ ಮುತ್ತಿನ ಸರ ನೀರಿನಲ್ಲಿ ಮೇಲಕ್ಕೆ ಎಳೆದ ಹಾಗೆ. ಒಳಗಿನ ಪೆಟ್ರೋಲ್ ಬಿಸಿಗೆ ಆವಿಯಾಗಿ, ತಾನು ಒಳನುಗ್ಗಿದ ದಾರಿಯನ್ನು ತಾನೇ ತೋರಿಸುತ್ತಿತ್ತು. ನಾವಿಬ್ಬರೂ ಕುಕ್ಕರಗಾಲಲ್ಲಿ ಕೂತು ನೋಡಿದೆವು. ನೀರನ್ನು ಎರಡು ಸಲ ಬದಲಿಸಿ, ಗುಳ್ಳೆ ಪೂರ್ತಿ ನಿಲ್ಲುವ ತನಕ, ಅಂದರೆ ಒಳಗಿನ ಹನಿಯೆಲ್ಲ ಹೊರಟುಹೋಗುವ ತನಕ, ಅವರು ಕೈ ಅಲುಗಿಸಲಿಲ್ಲ. ನಂತರ ಒರೆಸಿ, ಬಿಸಿಲಿಗಿಟ್ಟು, ಕರೆಂಟಿನ ಬೆಸುಗೆ ಕಡ್ಡಿಯಿಂದ ಒಂದೇ ಒಂದು ಚುಕ್ಕೆ ಸೀಸ. ಜಾಸ್ತಿಯಾದದ್ದನ್ನು ಅರದಿಂದ ಉಜ್ಜಿ ತೆಗೆದರು. ಬೆಸುಗೆ ಹೆಚ್ಚಾದರೆ ಫ್ಲೋಟಿನ ತೂಕ ಹೆಚ್ಚುತ್ತದೆ, ತೂಕ ಹೆಚ್ಚಿದರೆ ಬಟ್ಟಲಿನ ಮಟ್ಟ ಏರುತ್ತದೆ. ತೂತು ಮುಚ್ಚುವ ಭರದಲ್ಲಿ ಮತ್ತೆ ಅದೇ ಕಾಯಿಲೆ ಬರುತ್ತದೆ.

ಮಟ್ಟಕ್ಕೆ ಅವರ ಬಳಿ ಒಂದು ಕಬ್ಬಿಣದ ಕಡ್ಡಿಯಿದೆ, ಹದಿನಾರರಲ್ಲಿ ಏಳು ಇಂಚು ದಪ್ಪ, ಅಂದರೆ 11.1 ಮಿಲಿಮೀಟರ್. ಮುಚ್ಚಳವನ್ನು ತಲೆಕೆಳಗಾಗಿಸಿ, ಕವೆಗೂ ಮುಚ್ಚಳದ ಅಂಚಿಗೂ ನಡುವೆ ಅದು ಸರಿಯಾಗಿ ಕೂತರೆ, ಬಟ್ಟಲಿನ ಪೆಟ್ರೋಲ್ ಜೆಟ್ಟಿನ ಬಾಯಿಗಿಂತ ಚೂರು ಕೆಳಗೆ ನಿಲ್ಲುತ್ತದೆ. ಕೂತಿತು.

ಬಟ್ಟಲು ತೊಳೆಯುವಾಗ ತಳದಲ್ಲಿ ಕಪ್ಪು ಹುಡಿ ಕಂಡಿತು. ಬೆರಳಿಗೆ ತೆಗೆದು ಉಜ್ಜಿದರೆ ಮಸಿಯ ಗೆರೆ. ಹಳೆಯ ರಬ್ಬರ್ ಪೈಪು ಒಳಗಿಂದ ಕರಗುತ್ತಿತ್ತು. ಇವತ್ತು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಇರುತ್ತದೆ. 1957ರ ರಬ್ಬರಿಗೆ, ಬಿರಡೆಮರದ ಸೀಲುಗಳಿಗೆ ಅದರ ಪರಿಚಯವಿಲ್ಲ. ಎಥನಾಲ್ ನೀರಿನ ಪಸೆಯನ್ನೂ ಎಳೆದುಕೊಳ್ಳುತ್ತದೆ, ಟ್ಯಾಂಕಿನಲ್ಲಿ ದಶಕಗಳಿಂದ ಅಂಟಿದ್ದ ಜಿಡ್ಡನ್ನು ಸಡಿಲಿಸಿ ಮುಂದಕ್ಕೆ ಕಳಿಸುತ್ತದೆ. ಆ ಹುಡಿಯ ಒಂದು ಕಣ ನೀಡಲಿನ ಕೆಳಗೆ ಸಿಕ್ಕಿಕೊಂಡರೂ ಬಟ್ಟಲು ಕೋಡಿ ಬೀಳುತ್ತದೆ. ಎಥನಾಲ್ ತಾಳುವ ಪೈಪುಗಳು ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಅಂಗಡಿಗಳಲ್ಲಿ ಸಿಗುತ್ತವೆ, ಹಾಕಿಸಿದೆವು.

ಬ್ಯಾಟರಿ ಜೋಡಿಸಿ ಕೀ ತಿರುಗಿಸಿದೆ. ಟಿಕ್, ಟಿಕ್... ಟಿಕ್... ಮೌನ. ನನಗೆ ಅಷ್ಟೇ ಸಾಕಾಗಿತ್ತು. ಮೇಸ್ತ್ರಿಗೆ ಸಾಕಾಗಲಿಲ್ಲ. "ಉಕ್ಕೋದು ನಿಂತಿತು ಸ್ವಾಮಿ, ಕುಡಿಯೋದು ನಿಂತಿದೆಯಾ ನೋಡಬೇಕಲ್ಲ" ಎಂದರು.

ಇಂಜಿನ್ ಬಿಸಿಯಾಗಲು ಬಿಟ್ಟು, ಕಾರ್ಬೊರೇಟರಿನ ಪಕ್ಕದ ಪುಟ್ಟ ಲಿಫ್ಟಿಂಗ್ ಪಿನ್ನಿನ ಕೆಳಗೆ ಬೆರಳಿಟ್ಟರು. ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಮ್ಮಿ ಎತ್ತಬೇಕು. ಮಿಕ್ಸ್ಚರ್ ಹದವಾಗಿದ್ದರೆ ಇಂಜಿನ್ ಒಂದು ಗಳಿಗೆ ಚುರುಕಾಗಿ ಮತ್ತೆ ತನ್ನ ಲಯಕ್ಕೆ ಬರುತ್ತದೆ. ತೆಳುವಾಗಿದ್ದರೆ ನಡುಗಿ ನಿಲ್ಲುತ್ತದೆ. ರಿಚ್ ಆಗಿದ್ದರೆ ಚುರುಕಾದದ್ದು ಚುರುಕಾಗಿಯೇ ಉಳಿಯುತ್ತದೆ, ಇನ್ನಷ್ಟು ಗಾಳಿಗಾಗಿ ಕಾಯುತ್ತಿದ್ದ ಹಾಗೆ. ಎಲ್ಲ ಮೀಟರುಗಳನ್ನೂ ಒಂದು ಕಡೆಗಿಟ್ಟು, ಒಂದು ಬೆರಳು, ಒಂದು ಕಿವಿ, ಮೂರು ಉತ್ತರ. ಇದಕ್ಕಿಂತ ಸೊಗಸಾದ ಪರೀಕ್ಷೆಯನ್ನು ನಾನು ಯಾವ ಯಂತ್ರದಲ್ಲೂ ಕಂಡಿಲ್ಲ. ತಂಬೂರಿಯ ಬಿರಡೆ ತಿರುಗಿಸುವವರ ಮುಖದಲ್ಲಿ ಕಾಣುವ ಏಕಾಗ್ರತೆಯೇ ಆ ಹೊತ್ತಿಗೆ ಮೇಸ್ತ್ರಿಯ ಮುಖದಲ್ಲಿತ್ತು.

ಇಂಜಿನ್ ಚುರುಕಾಯಿತು, ಹಾಗೇ ಉಳಿಯಿತು. ಇನ್ನೂ ರಿಚ್. ಅವರು ಕೆಳಗಿನಿಂದ ಕೈ ಹಾಕಿ ಜೆಟ್ಟನ್ನು ಹೆಬ್ಬೆರಳಲ್ಲಿ ಮೇಲಕ್ಕೆ ಒತ್ತಿದರು. ಕಟಕ್ ಎಂದು ಚೂರು ಮೇಲೇರಿತು. ಇಂಜಿನ್ನಿನ ಸದ್ದು ಆ ಕ್ಷಣವೇ ತಿಳಿಯಾಯಿತು. ಚೋಕ್ ಒಳಗೆ ತಳ್ಳಿದರೂ ಜೆಟ್ ಪೂರ್ತಿ ಮರಳುತ್ತಿರಲಿಲ್ಲ, ಅದರ ಸುತ್ತಲಿನ ಬಿರಡೆಮರದ ಸೀಲುಗಳು ಒಣಗಿ ಬಿಗಿದಿದ್ದವು. ಆಯಿಲಿನಲ್ಲಿ ಎರಡು ವಾರದಿಂದ ಸೇರಿದ್ದ ಪೆಟ್ರೋಲಿಗೆ ಮೂಲ ಇದು. ಒಂದು ಕಾಯಿಲೆಗೆ ಎರಡು ಬೇರು. ಫ್ಲೋಟಿನ ತೂತು ಸಿಕ್ಕಿದ ಸಂತೋಷದಲ್ಲಿ ನಾನು ಎದ್ದುಹೋಗಿದ್ದರೆ ಎರಡನೆಯದು ಒಳಗೇ ಉಳಿದು ಇಂಜಿನ್ನನ್ನು ತಿನ್ನುತ್ತಿತ್ತು. ಸೀಲು ಬದಲಿಸಿ, ಜೆಟ್ಟಿನ ಕೆಳಗಿನ ಆರು ಮುಖದ ನಟ್ಟನ್ನು ಒಂದೊಂದೇ ಮುಖ ತಿರುಗಿಸುತ್ತ, ಪ್ರತಿ ಸಲವೂ ಪಿನ್ ಎತ್ತಿ ಕೇಳುತ್ತ, ಸಂಜೆಯಾಯಿತು. ಪೆಟ್ರೋಲ್ ಸೇರಿದ ಆಯಿಲನ್ನು ಪೂರ್ತಿ ಇಳಿಸಿ ಹೊಸದು ತುಂಬಿದೆವು.

ಬಟ್ಟಲು ಉಕ್ಕುವುದು ಎಷ್ಟು ದೊಡ್ಡ ಮಾತಾಗಬಲ್ಲದು ಎಂಬುದಕ್ಕೆ ಇತಿಹಾಸದಲ್ಲೊಂದು ಉದಾಹರಣೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಮರ್ಲಿನ್ ಇಂಜಿನ್ನಿಗೆ ಇದ್ದದ್ದೂ ಎಸ್‌ಯು ಕಾರ್ಬೊರೇಟರೇ. ಪೈಲಟ್ ವಿಮಾನದ ಮೂತಿಯನ್ನು ಥಟ್ಟನೆ ಕೆಳಕ್ಕೆ ಮುರಿದರೆ ಬಟ್ಟಲಿನ ಪೆಟ್ರೋಲ್ ಮೇಲಕ್ಕೆ ಚಿಮ್ಮಿ ಇಂಜಿನ್ ಒಂದು ಕ್ಷಣ ಹಸಿಯುತ್ತಿತ್ತು. ಮರುಕ್ಷಣವೇ ಫ್ಲೋಟು ಎಡವಟ್ಟಾಗಿ ವಾಲ್ವನ್ನು ಪೂರ್ತಿ ತೆರೆದು, ಪೆಟ್ರೋಲ್ ನುಗ್ಗಿ, ಇಂಜಿನ್ ಕಪ್ಪು ಹೊಗೆ ಉಗುಳಿ ಉಸಿರುಗಟ್ಟುತ್ತಿತ್ತು. ಪೆಟ್ರೋಲ್ ಇಂಜೆಕ್ಷನ್ ಇದ್ದ ಜರ್ಮನ್ ವಿಮಾನಗಳಿಗೆ ಈ ತೊಂದರೆಯಿರಲಿಲ್ಲ, ಅವು ಹೀಗೆ ಮೂತಿ ಮುರಿದೇ ತಪ್ಪಿಸಿಕೊಳ್ಳುತ್ತಿದ್ದವು. ಪರಿಹಾರ ಕಂಡದ್ದು ಫಾರ್ನ್‌ಬರೋದ ಸಂಶೋಧನಾ ಕೇಂದ್ರದಲ್ಲಿದ್ದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಇಂಜಿನಿಯರ್. ಆಕೆ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಗಂಟೆಗೆ ನೂರು ಮೈಲಿ ಮೀರಿ ಬೈಕ್ ಓಡಿಸಿದ ಹೆಣ್ಣುಮಗಳು. ಆಕೆ ಮಾಡಿದ್ದು ನಡುವೆ ತೂತಿರುವ ಒಂದು ಪುಟ್ಟ ಲೋಹದ ತಡೆ. ಇಂಜಿನ್ನಿಗೆ ಅತಿ ಹೆಚ್ಚು ಬೇಕಾದಷ್ಟು ಪೆಟ್ರೋಲ್ ಮಾತ್ರ ಅದರಲ್ಲಿ ಹಾದುಹೋಗುತ್ತಿತ್ತು, ಅದಕ್ಕಿಂತ ಒಂದು ತೊಟ್ಟೂ ಹೆಚ್ಚಿಗೆ ಇಲ್ಲ. 1941ರಲ್ಲಿ ಆಕೆಯೂ ಆಕೆಯ ತಂಡವೂ ವಿಮಾನ ನಿಲ್ದಾಣಗಳಿಗೆ ಹೋಗಿ ಅದನ್ನು ಕೂರಿಸಿಬಂದರು. ವಿಮಾನವನ್ನು ಕೆಲಸದಿಂದ ತೆಗೆಯದೆಯೇ ಹಾಕಬಹುದಾದಷ್ಟು ಸರಳ ಅದು. ಇಂಥ ಸರಳತೆಗೆ ತಲುಪಬೇಕಾದರೆ ಕಾಯಿಲೆ ಪೂರ್ತಿ ಅರ್ಥವಾಗಿರಬೇಕು.

ಕತ್ತಲಾಗುವ ಹೊತ್ತಿಗೆ ಮೇಸ್ತ್ರಿ ಕೈ ತೊಳೆದು ಕಾಫಿ ಕುಡಿದರು. ನಾನು ಇಂಜಿನ್ ಚಾಲೂ ಮಾಡಿ ಐಡ್ಲಿಂಗಿಗೆ ಬಿಟ್ಟೆ. ಬಾನೆಟ್ಟಿನ ಮೇಲೆ ಕಾಫಿ ಲೋಟ ಇಟ್ಟರು, ಅದರಲ್ಲಿ ಅಲೆ ಏಳಲಿಲ್ಲ, ಅಂಚಿನಲ್ಲಿ ಸಣ್ಣ ಕಂಪನ ಮಾತ್ರ. ಹೊಗೆಯ ಕೊಳವೆಯ ಹಿಂದೆ ಬಿಳಿ ಕಾಗದ ಹಿಡಿದು ನೋಡಿದೆವು, ಅದು ಬೆಳ್ಳಗೇ ಉಳಿಯಿತು. ಮೂರು ದಿನ ಓಡಿಸಿ ಪ್ಲಗ್ ತೆಗೆದಾಗ ಬಿಸ್ಕತ್ತಿನ ಬಣ್ಣ ಬಂದಿತ್ತು.

ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂನಲ್ಲಿ ಹಳೆಯ ಕಾರುಗಳ ಸಾಲನ್ನು ನೋಡಿ ಮೆಚ್ಚದವರಿಲ್ಲ. ನಾನೂ ಮೆಚ್ಚಿ ನಿಂತಿದ್ದೇನೆ. ಆದರೆ ಹಳೆಯ ಕಾರಿನ ಅರ್ಧ ಚೆಲುವು ನಮ್ಮ ಕಿವಿಗೆ, ಮೂಗಿಗೆ, ಬೆರಳಿಗೆ ಸಿಗುವ ಅದರ ಮಾತಿನಲ್ಲಿದೆ, ಆ ಮಾತು ಕಾರು ಓಡುತ್ತಿದ್ದರೆ ಮಾತ್ರ ಸಿಗುತ್ತದೆ. ನಿಮ್ಮ ಮನೆಯ ಶೆಡ್ಡಿನಲ್ಲಿ ತಾತನ ಕಾಲದ ಗಾಡಿಯೊಂದಿದ್ದರೆ ಅದರ ರಬ್ಬರ್ ಪೈಪುಗಳನ್ನು ಈ ವರ್ಷವೇ ಬದಲಿಸಿ, ಕೈಗೆ ಸಿಗುವಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಒಂದನ್ನು ಇಟ್ಟುಕೊಳ್ಳಿ. ಎಲೆಕ್ಟ್ರಿಕ್ ಪಂಪಿನ ಗಾಡಿಯಾದರೆ, ಕೀ ತಿರುಗಿಸಿದ ಮೇಲೆ ಸ್ಟಾರ್ಟರ್ ಎಳೆಯುವ ಮೊದಲು ಅದರ ಟಿಕ್ ಟಿಕ್ ನಿಲ್ಲುವ ತನಕ ಸುಮ್ಮನೆ ಕೂತು ಕೇಳಿ.